ಹೆರಿಗೆಯ ದಿನಕ್ಕೆ ಅಯೋಡಿನ್ ಲೆಕ್ಕ ಮುಗಿಯಬಾರದು: ತಾಯಿ-ಮಗುವಿನ ಆರೋಗ್ಯ ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ತಾಯಿ-ಮಗುವಿನ ಆರೋಗ್ಯ ಕಾರ್ಯಕ್ರಮ ರೂಪಿಸುವ ಅಧಿಕಾರಿಗಳಿಗೆ, ಹೆರಿಗೆ ಆಸ್ಪತ್ರೆ ನಡೆಸುವವರಿಗೆ, ಬಾಣಂತಿಯರನ್ನೂ ಎಳೆಮಕ್ಕಳನ್ನೂ ನೋಡುವ ವೈದ್ಯರಿಗೆ,

ನಮಸ್ಕಾರ.

ನಾನು ಬಾಣಂತಿಯರ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಎದೆಹಾಲು ಕುಡಿಸಲು ತಾಯಿಗೆ ಹೇಳಿಕೊಡುವುದು, ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತದ ಹನಿ ತೆಗೆಯುವುದು, ಮನೆಗೆ ಹೊರಡುವ ದಿನ ಯಾವ ಮಾತ್ರೆ ಯಾವಾಗ ಅಂತ ಬಿಡಿಸಿ ಹೇಳುವುದು ನನ್ನ ದಿನದ ಕೆಲಸ. ಈ ಮೂರೂ ಕೆಲಸ ಮಾಡುವಾಗ ಒಂದೇ ಕೊರತೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅದನ್ನು ನಿಮ್ಮ ಮುಂದೆ ಇಡಲು ಈ ಪತ್ರ.

ಬಸುರಿಯಾಗಿದ್ದಾಗ ಥೈರಾಯ್ಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ರಕ್ತ ಪರೀಕ್ಷೆ ಬರೆಯುತ್ತಾರೆ, ವರದಿ ನೋಡುತ್ತಾರೆ, ಬೇಕಾದರೆ ಮಾತ್ರೆಯ ಪ್ರಮಾಣ ಬದಲಿಸುತ್ತಾರೆ. ಹೆರಿಗೆ ಆಯಿತು ಅನ್ನಿ, ಆ ವಿಷಯ ಅಲ್ಲಿಗೇ ನಿಂತುಹೋಗುತ್ತದೆ. ತಾಯಿಯ ಕೈಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಬರುತ್ತವೆ. ಥೈರಾಯ್ಡ್ ಕೆಲಸ ಮಾಡಲು ಬೇಕಾದ ಅಯೋಡಿನ್ ಅನ್ನುವ ಮಾತೇ ಬರುವುದಿಲ್ಲ. ನಿಜ ಹೇಳಬೇಕೆಂದರೆ ಅದು ಜಾಸ್ತಿ ಬೇಕಾಗುವುದು ಆಮೇಲೆಯೇ.

ಬಸುರಿಗೂ ಹಾಲೂಡಿಸುವ ತಾಯಿಗೂ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದ ದೊಡ್ಡವರಿಗೆ 150 ಸಾಕು. ಅಮೆರಿಕದ ಪೋಷಣಾ ತಜ್ಞರ ಲೆಕ್ಕದಲ್ಲಿ ಬಸುರಿಗೆ 220, ಹಾಲೂಡಿಸುವ ತಾಯಿಗೆ 290. ಎರಡು ಲೆಕ್ಕ ಬೇರೆ ಇರಬಹುದು. ಆದರೆ ಹೆರಿಗೆ ಆದ ಮೇಲೆ ಬೇಡಿಕೆ ಇಳಿಯುತ್ತದೆ ಅಂತ ಯಾವ ಲೆಕ್ಕವೂ ಹೇಳುವುದಿಲ್ಲ. ಒಂದು ಮೈಕ್ರೋಗ್ರಾಂ ಅಂದರೆ ಮಿಲಿಗ್ರಾಂನ ಸಾವಿರದ ಒಂದು ಪಾಲು. ದಿನಕ್ಕೆ 250ರಂತೆ ಎರಡು ವರ್ಷ ಹಾಲೂಡಿಸಿದರೂ ತಾಯಿಗೆ ಬೇಕಾಗುವ ಒಟ್ಟು ಅಯೋಡಿನ್ 200 ಮಿಲಿಗ್ರಾಂ ಮುಟ್ಟುವುದಿಲ್ಲ. ಇಷ್ಟು ಚೂರು ವಸ್ತುವನ್ನು ತಲುಪಿಸಲು ನಮ್ಮಿಂದ ಆಗುತ್ತಿಲ್ಲ ಅಂದರೆ ಕೊರತೆ ವಸ್ತುವಿನದಲ್ಲ, ಲಕ್ಷ್ಯದ್ದು.

ಯಾಕೆ ಇಷ್ಟು ಬೇಕು? ಥೈರಾಯ್ಡ್ ಗ್ರಂಥಿ ತಯಾರಿಸುವ ಮುಖ್ಯ ಹಾರ್ಮೋನು ಟಿ4. ಅದರ ಒಂದೊಂದು ಅಣುವಿನಲ್ಲೂ ಅಯೋಡಿನ್‌ನ ನಾಲ್ಕು ಪರಮಾಣು ಇರುತ್ತವೆ. ಮೈಯೊಳಗೆ ಅದರಿಂದ ಒಂದು ಪರಮಾಣು ಕಳಚಿದರೆ ಟಿ3 ಆಗುತ್ತದೆ. ಮಗುವಿನ ಮಿದುಳಿನ ಜೀವಕೋಶಗಳು ಬೆಳೆಯಲು, ನರಗಳ ಮೇಲಿನ ಹೊದಿಕೆ ಕೂಡಿಕೊಳ್ಳಲು ಈ ಹಾರ್ಮೋನು ಬೇಕೇ ಬೇಕು. ಈ ಬೆಳವಣಿಗೆ ಹೊಟ್ಟೆಯಲ್ಲಿ ಶುರುವಾಗಿ ಹುಟ್ಟಿದ ಮೇಲೂ ಎರಡು ಮೂರು ವರ್ಷ ಭರದಿಂದ ನಡೆಯುತ್ತದೆ. ಹೊಟ್ಟೆಯಲ್ಲಿದ್ದಾಗ ತಾಯಿಯ ಟಿ4 ಸ್ವಲ್ಪ ಮಟ್ಟಿಗೆ ಮಗುವಿಗೆ ಸಿಗುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಿಂದ ಆ ದಾರಿ ಬಂದ್. ಎದೆಹಾಲಿನಲ್ಲಿ ಹಾರ್ಮೋನು ಇರುವುದು ತೀರಾ ಕಡಿಮೆ. ಹಾಲು ಕೊಡುವುದು ಅಯೋಡಿನ್ ಮಾತ್ರ. ಹಾರ್ಮೋನನ್ನು ಮಗುವಿನ ಪುಟ್ಟ ಗ್ರಂಥಿ ತಾನೇ ಮಾಡಿಕೊಳ್ಳಬೇಕು.

ಆ ಗ್ರಂಥಿಯಲ್ಲಿ ಎಷ್ಟು ದಾಸ್ತಾನು ಇರುತ್ತದೆ ಗೊತ್ತಾ? ದೊಡ್ಡವರ ಥೈರಾಯ್ಡಿನಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಕೆಲವು ದಿನ ಊಟದಲ್ಲಿ ಅಯೋಡಿನ್ ಸಿಗದಿದ್ದರೂ ಅದರಲ್ಲಿ ಕಾಲ ಹಾಕಬಹುದು. ತುಂಬು ತಿಂಗಳಿಗೆ ಹುಟ್ಟಿದ ಮಗುವಿನಲ್ಲಿ ಇರುವುದು ಒಂದು ಮಿಲಿಗ್ರಾಂನ ಮೂರನೇ ಒಂದು ಪಾಲಿನಷ್ಟು. ಅದೂ ತಾಯಿಗೆ ಅಯೋಡಿನ್ ಸರಿಯಾಗಿ ಸಿಕ್ಕಿದ್ದರೆ. ಅವಧಿಗೆ ಮುನ್ನ ಹುಟ್ಟಿದ್ದರೆ ಇನ್ನೂ ಕಡಿಮೆ. ಮಗುವಿನ ಗ್ರಂಥಿ ಈ ದಾಸ್ತಾನನ್ನು ಬಹಳ ಬೇಗ ಖರ್ಚು ಮಾಡುತ್ತದೆ. ಹಾಗಾಗಿ ಅದಕ್ಕೆ ದಿನಾ ಹಾಲಿನಲ್ಲಿ ಬರಲೇಬೇಕು. ಆರು ತಿಂಗಳೊಳಗಿನ ಮಗುವಿಗೆ ದಿನಕ್ಕೆ 90ರಿಂದ 110 ಮೈಕ್ರೋಗ್ರಾಂ ಬೇಕು ಅಂತ ತಜ್ಞರು ಇಟ್ಟುಕೊಂಡಿದ್ದಾರೆ.

ತಾಯಿಯ ಮೈ ಇದಕ್ಕೆ ಮಾಡಿಕೊಂಡಿರುವ ಏರ್ಪಾಡು ನೋಡಿದರೆ ಮನಸ್ಸು ತುಂಬಿ ಬರುತ್ತದೆ. ರಕ್ತದಿಂದ ಅಯೋಡಿನ್ ಹೆಕ್ಕಿ ಒಳಗೆ ಎಳೆದುಕೊಳ್ಳಲು ಥೈರಾಯ್ಡಿನಲ್ಲಿ ಒಂದು ವಿಶೇಷ ಪ್ರೋಟೀನ್ ಇದೆ. 1996ರಲ್ಲಿ ನ್ಯಾನ್ಸಿ ಕರಾಸ್ಕೊ ಅವರ ತಂಡ ಅದರ ಜೀನ್ ಪತ್ತೆ ಮಾಡಿತು. ಅದೇ ಪ್ರೋಟೀನ್ ಹಾಲೂಡಿಸುವ ಹೊತ್ತಿನಲ್ಲಿ ಸ್ತನದಲ್ಲೂ ಕೆಲಸಕ್ಕೆ ನಿಲ್ಲುತ್ತದೆ. ಹಾಲೂಡಿಸದ ದಿನಗಳಲ್ಲಿ ಆರೋಗ್ಯವಂತ ಸ್ತನದಲ್ಲಿ ಅದು ಕಾಣುವುದಿಲ್ಲ. ಮಗುವಿಗೋಸ್ಕರವೇ ಅದು ಎಚ್ಚರಗೊಳ್ಳುತ್ತದೆ. ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅಯೋಡಿನ್ ಹಾಲಿಗೆ ಸೇರುತ್ತದೆ. ತಾಯಿಗೆ ಸಿಗುವುದು ಕಡಿಮೆಯಾದಾಗ ಮೈ ಇದ್ದದ್ದರಲ್ಲೇ ದೊಡ್ಡ ಪಾಲನ್ನು ಹಾಲಿನ ಕಡೆ ತಿರುಗಿಸುತ್ತದೆ. ಆದರೆ ತಾಯಿ ಉಣ್ಣುವುದರಲ್ಲೇ ಇಲ್ಲದಿದ್ದರೆ ಎಷ್ಟು ಅಂತ ತಿರುಗಿಸೀತು? ಆಗ ಇಬ್ಬರಿಗೂ ಕೊರತೆ.

ಇದಕ್ಕೆ ಒಳ್ಳೆಯ ಆಧಾರವೂ ಇದೆ. ಮೊರಾಕ್ಕೊದಲ್ಲಿ ಅಯೋಡಿನ್ ಕೊರತೆಯಿದ್ದ ಕಡೆ ಸಂಶೋಧಕರು ಒಂದು ಪರೀಕ್ಷೆ ನಡೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ತಾಯಂದಿರಿಗೆ ಹೆರಿಗೆಯ ನಂತರ ಒಂದು ಸಲ 400 ಮಿಲಿಗ್ರಾಂ ಅಯೋಡಿನ್ ಇರುವ ಎಣ್ಣೆ ಕ್ಯಾಪ್ಸೂಲ್ ಕೊಟ್ಟರು. ಇನ್ನು ಕೆಲವರ ವಿಷಯದಲ್ಲಿ ಮಗುವಿಗೇ ನೇರವಾಗಿ 100 ಮಿಲಿಗ್ರಾಂ ಕೊಟ್ಟರು. ತಾಯಿಗೆ ಕೊಟ್ಟಾಗಲೇ ಮಗುವಿಗೆ ಹೆಚ್ಚು ಚೆನ್ನಾಗಿ ಅಯೋಡಿನ್ ತಲುಪಿತ್ತು. ಮಗುವಿಗೆ ಒಮ್ಮೆಗೇ ಕೊಟ್ಟದ್ದನ್ನು ಅದರ ಮೈ ಹಿಡಿದಿಟ್ಟುಕೊಳ್ಳಲಿಲ್ಲ. ತಾಯಿಯ ಮೂಲಕ ಬಂದದ್ದು ದಿನಾ ಅಳತೆಯಲ್ಲಿ ಬಂತು. ಮಗುವಿನ ಪೋಷಣೆಗೆ ದಾರಿ ತಾಯಿಯ ತಟ್ಟೆಯಿಂದಲೇ ಹೋಗುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಹಾಗಾದರೆ ಮೊದಲ ಮನವಿ ಇದು. ತಾಯಿ ಮನೆಗೆ ಹೊರಡುವ ದಿನ ಅವಳಿಗೆ ಒಂದು ಪ್ರಶ್ನೆ ಕೇಳಬೇಕು. ಮನೆಯಲ್ಲಿ ಯಾವ ಉಪ್ಪು ಬಳಸುತ್ತೀರಿ? ಈ ಪ್ರಶ್ನೆಗೆ ಅವಳ ಕಾರ್ಡಿನಲ್ಲಿ ಒಂದು ಜಾಗ ಇರಬೇಕು. ಜಾಗ ಇಲ್ಲದ್ದನ್ನು ಯಾರೂ ಕೇಳುವುದಿಲ್ಲ, ಕೆಲಸದ ಒತ್ತಡದಲ್ಲಿ ಅದು ಹಾಗೆಯೇ ಆಗುತ್ತದೆ.

ಉಪ್ಪಿಗೆ ಅಯೋಡಿನ್ ಬೆರೆಸುವುದು ನೂರು ವರ್ಷ ದಾಟಿದ ಉಪಾಯ. ಸ್ವಿಟ್ಜರ್ಲೆಂಡಿನಲ್ಲಿ 1922ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ 1924ರಲ್ಲಿ ಶುರುವಾಯಿತು. ಗಳಗಂಡ ಮನೆಮನೆಯಲ್ಲಿದ್ದ ಕಡೆ ಅದು ಒಂದು ತಲೆಮಾರಿನಲ್ಲಿ ಅಪರೂಪವಾಯಿತು. ಇವತ್ತು ಜಗತ್ತಿನ ಬಹುಪಾಲು ಜನಕ್ಕೆ ಅಯೋಡಿನ್ ಉಪ್ಪು ಸಿಗುತ್ತದೆ. ಆದರೂ ಇತ್ತೀಚೆಗೆ ನನಗೆ ಬರುವ ಉತ್ತರಗಳು ಬದಲಾಗುತ್ತಿವೆ. ಕೆಲವರು ಕಲ್ಲುಪ್ಪು ಒಳ್ಳೆಯದು ಅಂತ ಅದಕ್ಕೆ ಹೋಗಿದ್ದಾರೆ. ಕೆಲವರಿಗೆ ಗುಲಾಬಿ ಬಣ್ಣದ ಉಪ್ಪು. ಇನ್ನು ಕೆಲವರಿಗೆ ಸಮುದ್ರದ ಉಪ್ಪು ಅಂದರೆ ಅಯೋಡಿನ್ ತಾನಾಗೇ ಇರುತ್ತದೆ ಅನ್ನುವ ನಂಬಿಕೆ. ಸಮುದ್ರದ ನೀರು ಆರಿ ಉಪ್ಪಾಗುವಾಗ ಅದರಲ್ಲಿ ಉಳಿಯುವ ಅಯೋಡಿನ್ ಲೆಕ್ಕಕ್ಕೆ ಬರುವಷ್ಟಿಲ್ಲ. ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಅಂತ ಬರೆದಿದ್ದರೆ ಮಾತ್ರ ನಂಬಬೇಕು. ಡಬ್ಬಿ, ಪೊಟ್ಟಣದಲ್ಲಿ ಬರುವ ತಯಾರಾದ ತಿಂಡಿಯಲ್ಲಿ ಉಪ್ಪು ಧಾರಾಳ ಇರುತ್ತದೆ, ಆದರೆ ಅದು ಎಷ್ಟೋ ಸಲ ಅಯೋಡಿನ್ ಇಲ್ಲದ ಉಪ್ಪು. ಉಪ್ಪು ತಿನ್ನುತ್ತಿದ್ದೇನಲ್ಲ, ಅಯೋಡಿನ್ ಬಂದೇ ಬರುತ್ತದೆ ಅನ್ನುವ ಲೆಕ್ಕ ಅಲ್ಲಿ ತಪ್ಪುತ್ತದೆ.

ಅಯೋಡಿನ್ ಉಪ್ಪನ್ನೇ ತಂದರೂ ಅದನ್ನು ಇಡುವ ರೀತಿ ಮುಖ್ಯ. ತೇವ, ಬಿಸಿಲು, ಒಲೆಯ ಝಳ ಮೂರೂ ಅಯೋಡಿನ್ ಕಳೆಯುತ್ತವೆ. ಮುಚ್ಚಳ ಬಿಗಿಯಾದ ಡಬ್ಬಿ ಸಾಕು. ಅಡುಗೆ ಕುದಿಯುವಾಗಿನಿಂದಲೇ ಹಾಕುವ ಬದಲು ಇಳಿಸುವ ಹೊತ್ತಿಗೆ ಹಾಕಿದರೆ ಇನ್ನೂ ಒಳ್ಳೆಯದು. ಉಪ್ಪು ಕಡಿಮೆ ಮಾಡಿ ಅಂತ ಹೇಳುತ್ತೀರಿ, ಜಾಸ್ತಿ ಉಪ್ಪು ತಿನ್ನಿ ಅಂತಲೂ ಹೇಳುತ್ತೀರಾ ಅಂತ ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜಾಸ್ತಿ ಉಪ್ಪು ಬೇಡ. ದಿನಕ್ಕೆ 5 ಗ್ರಾಂ ಒಳಗೇ ಇರಲಿ. ತಿನ್ನುವ ಆ ಚೂರು ಉಪ್ಪು ಅಯೋಡಿನ್ ಇರುವುದಾಗಿರಲಿ, ಅಷ್ಟೇ. ಕಿಲೋ ಉಪ್ಪಿನಲ್ಲಿ 30 ಮಿಲಿಗ್ರಾಂ ಅಯೋಡಿನ್ ಇದ್ದರೆ 5 ಗ್ರಾಂ ಉಪ್ಪಿನಲ್ಲಿ 150 ಮೈಕ್ರೋಗ್ರಾಂ ಬರುತ್ತದೆ. ಉಳಿದದ್ದು ಹಾಲು, ಮೊಸರು, ಮೊಟ್ಟೆ, ಸಮುದ್ರದ ಮೀನಿನಿಂದ ಬರಬೇಕು. ಇವು ಯಾವುದನ್ನೂ ಮುಟ್ಟದ ತಾಯಿ, ಅಯೋಡಿನ್ ಉಪ್ಪನ್ನೂ ಬಳಸದಿದ್ದರೆ, ಕೊರತೆಯ ಅಂಚಿನಲ್ಲೇ ಇರುತ್ತಾಳೆ. ಅಂಥವರನ್ನು ಆ ಒಂದು ಪ್ರಶ್ನೆಯೇ ಹುಡುಕಿಕೊಡುತ್ತದೆ.

ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2017ರ ಮಾರ್ಗಸೂಚಿಯಲ್ಲಿ, ಗರ್ಭ ಧರಿಸುವ ಯೋಚನೆಯಲ್ಲಿರುವವರು, ಬಸುರಿಯರು, ಹಾಲೂಡಿಸುವ ತಾಯಂದಿರು ದಿನಾ 150 ಮೈಕ್ರೋಗ್ರಾಂ ಅಯೋಡಿನ್ ಇರುವ ಮಾತ್ರೆ ತೆಗೆದುಕೊಳ್ಳಲಿ ಎಂದಿದೆ. ಉಪ್ಪಿನಿಂದಲೇ ಅಯೋಡಿನ್ ಸಾಕಷ್ಟು ತಲುಪುತ್ತಿರುವ ಕಡೆ ಮಾತ್ರೆ ಬೇಕಿಲ್ಲ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ನಿಮ್ಮ ವ್ಯಾಪ್ತಿಯಲ್ಲಿ ಯಾವುದು ಸರಿ ಅನ್ನುವುದನ್ನು ನೀವು ತೀರ್ಮಾನಿಸಬೇಕು. ತೀರ್ಮಾನಿಸಿ, ಬರೆದು, ವಾರ್ಡಿಗೆ ಕಳಿಸಿ. ಮಾತ್ರೆಯ ಪಟ್ಟಿಯಲ್ಲಿ ಅಯೋಡಿನ್ ಇದೆಯೋ ಇಲ್ಲವೋ ನೋಡಿ ಖರೀದಿಸಿ ಅಂತ ಮಾತ್ರ ಕೇಳುತ್ತೇನೆ, ಯಾಕೆಂದರೆ ಬಸುರಿ-ಬಾಣಂತಿಯರಿಗೆ ಅಂತಲೇ ಮಾರುವ ಎಷ್ಟೋ ವಿಟಮಿನ್ ಮಾತ್ರೆಗಳಲ್ಲಿ ಅದು ಇರುವುದೇ ಇಲ್ಲ.

ಇನ್ನು, ಜಾಸ್ತಿಯಾದರೂ ಕಷ್ಟವೇ. ಒಮ್ಮೆಗೇ ತುಂಬಾ ಅಯೋಡಿನ್ ಬಂದರೆ ಥೈರಾಯ್ಡ್ ಹಾರ್ಮೋನು ಮಾಡುವುದನ್ನು ನಿಲ್ಲಿಸುತ್ತದೆ. 1948ರಲ್ಲಿ ವುಲ್ಫ್ ಮತ್ತು ಚೈಕಾಫ್ ಇದನ್ನು ತೋರಿಸಿಕೊಟ್ಟರು. ದೊಡ್ಡವರ ಗ್ರಂಥಿ ಕೆಲವು ದಿನದಲ್ಲಿ ಇದರಿಂದ ಹೊರಗೆ ಬರುತ್ತದೆ. ಎಳೆಮಗುವಿನ ಗ್ರಂಥಿಗೆ, ಅದರಲ್ಲೂ ಅವಧಿಗೆ ಮುನ್ನ ಹುಟ್ಟಿದ್ದಕ್ಕೆ, ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಸಮುದ್ರದ ಪಾಚಿಯ ಮಾತ್ರೆಗಳಲ್ಲಿ ಅಯೋಡಿನ್ ಒಂದೊಂದರಲ್ಲಿ ಒಂದೊಂದು ಥರ, ಕೆಲವದರಲ್ಲಿ ವಿಪರೀತ. ಹಾಲೂಡಿಸುವವರು ಅದನ್ನು ಸುಮ್ನೆ ತೆಗೆದುಕೊಳ್ಳಬಾರದು. ದಿನಕ್ಕೆ 500 ಮೈಕ್ರೋಗ್ರಾಂ ದಾಟಿದರೆ ಹೆಚ್ಚಿನ ಲಾಭವೇನೂ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆದರೆ ಹೆಚ್ಚಿನ ಅಯೋಡಿನ್ ಮಗುವಿಗೆ ತಗಲುವುದು ಪಾಚಿಯಿಂದ ಮಾತ್ರ ಅಲ್ಲ, ನಮ್ಮ ಕೈಯಿಂದಲೂ ತಗಲುತ್ತದೆ. ಹೊಲಿಗೆ ಹಾಕಿದ ಜಾಗಕ್ಕೆ, ಹೊಕ್ಕುಳಿಗೆ, ಸೂಜಿ ಚುಚ್ಚುವ ಮುಂಚೆ ಚರ್ಮಕ್ಕೆ ಬಳಿಯುವ ಕಂದು ದ್ರಾವಣ ಪೋವಿಡೋನ್ ಅಯೋಡಿನ್. ತಾಯಿಗೆ ಬಳಿದರೆ ಅವಳ ರಕ್ತದಿಂದ ಹಾಲಿಗೆ ಬರುತ್ತದೆ. ಮಗುವಿಗೆ ಬಳಿದರೆ ತೆಳು ಚರ್ಮದ ಮೂಲಕ ನೇರ ಒಳಗೆ. ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು ಟಿಎಸ್‌ಎಚ್; ಥೈರಾಯ್ಡ್ ಕೆಲಸ ಕುಗ್ಗಿದರೆ ಅದು ಏರುತ್ತದೆ. ಮಗುವಿನ ಟಿಎಸ್‌ಎಚ್ ಏರಿ ಗಾಬರಿಯಾಗುವಷ್ಟು ಆಗುವುದುಂಟು. ಎಳೆಮಕ್ಕಳ ತೀವ್ರ ನಿಗಾ ಘಟಕದಲ್ಲಿ, ಮತ್ತು ಹಾಲೂಡಿಸುವ ತಾಯಿಯ ಗಾಯಕ್ಕೆ ದಿನಾ ಬಳಿಯುವ ಸಂದರ್ಭದಲ್ಲಿ, ಬೇರೆ ದ್ರಾವಣ ಬಳಸುವ ಲಿಖಿತ ಸೂಚನೆ ಕೊಡಿ. ಕ್ಲೋರ್‌ಹೆಕ್ಸಿಡಿನ್ ಇದೆ. ತೀರಾ ಮುಂಚೆ ಹುಟ್ಟಿದ ಮಗುವಿನ ಚರ್ಮಕ್ಕೆ ಅದನ್ನೂ ಹುಷಾರಾಗಿಯೇ ಬಳಸಬೇಕು. ಎಕ್ಸ್-ರೇ ಅಥವಾ ಸ್ಕ್ಯಾನಿಗೆ ಮಗುವಿಗೆ ಅಯೋಡಿನ್ ಇರುವ ಔಷಧಿ ಚುಚ್ಚಿದ್ದರೆ, ಮೂರು ವಾರದೊಳಗೆ ಥೈರಾಯ್ಡ್ ನೋಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಸಲಹೆ ಕೊಟ್ಟಿದೆ. ನಮ್ಮಲ್ಲೂ ಅದು ರೂಢಿಯಾಗಲಿ.

ಹೊಗೆಸೊಪ್ಪಿನ ಬಗ್ಗೆ ಒಂದೇ ಮಾತು. ಅದರ ಹೊಗೆಯಿಂದ ಮೈಯಲ್ಲಿ ಥಯೋಸಯನೇಟ್ ಅನ್ನುವ ರಾಸಾಯನಿಕ ಹೆಚ್ಚುತ್ತದೆ. ಅದು ಸ್ತನದಲ್ಲಿ ಅಯೋಡಿನ್ ಎಳೆದುಕೊಳ್ಳುವ ಆ ಪ್ರೋಟೀನಿಗೇ ಅಡ್ಡ ಬರುತ್ತದೆ. ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ಸಿಗರೇಟು ಸೇದುವ ತಾಯಂದಿರ ಹಾಲಿನಲ್ಲಿ ಅಯೋಡಿನ್ ಸೇದದವರಿಗಿಂತ ಸುಮಾರು ಅರ್ಧ ಮಾತ್ರ ಇತ್ತು.

ಈಗ ಹಿಮ್ಮಡಿಯ ರಕ್ತದ ಹನಿಗೆ ಬರುತ್ತೇನೆ. ಈ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದು.

ಎರಡು ಸಾವಿರದಿಂದ ನಾಲ್ಕು ಸಾವಿರ ಮಕ್ಕಳಲ್ಲಿ ಒಂದು ಮಗು ಹುಟ್ಟುವಾಗಲೇ ಥೈರಾಯ್ಡ್ ಕೊರತೆಯಿಂದ ಹುಟ್ಟುತ್ತದೆ. ಗ್ರಂಥಿಯೇ ಬೆಳೆದಿರುವುದಿಲ್ಲ, ಇಲ್ಲವೇ ಜಾಗ ತಪ್ಪಿ ನಾಲಿಗೆಯ ಬುಡದಲ್ಲಿ ಚಿಕ್ಕದಾಗಿ ಕೂತಿರುತ್ತದೆ, ಇಲ್ಲವೇ ಗ್ರಂಥಿ ಇದ್ದರೂ ಹಾರ್ಮೋನು ಮಾಡಲು ಬರುವುದಿಲ್ಲ. ಇದಕ್ಕೂ ಅಯೋಡಿನ್ ಕೊರತೆಗೂ ನೇರ ಸಂಬಂಧ ಇಲ್ಲ, ಅಯೋಡಿನ್ ಕೊಟ್ಟರೆ ಇದು ಸರಿಹೋಗುವುದೂ ಇಲ್ಲ. ಟಿ4 ಹಾರ್ಮೋನನ್ನೇ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯೇ ಬೇಕು. ಹುಟ್ಟಿದಾಗ ಈ ಮಗು ನೋಡಲು ಚೆನ್ನಾಗೇ ಇರುತ್ತದೆ, ತಾಯಿಯಿಂದ ಬಂದ ಹಾರ್ಮೋನು ಇನ್ನೂ ಮೈಯಲ್ಲಿ ಇರುತ್ತದಲ್ಲ. ಆಮೇಲೆ ನಿಧಾನವಾಗಿ ಶುರುವಾಗುತ್ತದೆ. ಕಾಮಾಲೆ ಬೇಗ ಇಳಿಯುವುದಿಲ್ಲ. ಮಲ ಗಟ್ಟಿಯಾಗುತ್ತದೆ. ಅಳು ಒಡಕಲಾಗುತ್ತದೆ. ಹಾಲು ಕುಡಿಯುತ್ತಾ ಕುಡಿಯುತ್ತಾ ನಿದ್ದೆ ಹೋಗುತ್ತದೆ. ಎಷ್ಟು ಸಾಧು ಮಗು, ರಾತ್ರಿಯೆಲ್ಲಾ ಅಳುವುದೇ ಇಲ್ಲ ಅಂತ ಮನೆಯವರು ಖುಷಿಪಡುತ್ತಾರೆ. ಇದೆಲ್ಲ ಕಣ್ಣಿಗೆ ಬೀಳುವ ಹೊತ್ತಿಗೆ ಮಿದುಳಿಗೆ ಆಗುವ ಪೆಟ್ಟು ಆಗಿಹೋಗಿರುತ್ತದೆ. ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಈ ಮಗು ಬೇರೆ ಮಕ್ಕಳ ಹಾಗೆಯೇ ಕಲಿತು ಬೆಳೆಯುತ್ತದೆ. ತಡೆಯಬಹುದಾದ ಬುದ್ಧಿಮಾಂದ್ಯತೆಯ ಕಾರಣಗಳಲ್ಲಿ ಇದು ಮುಖ್ಯವಾದದ್ದು.

1970ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಜಾನ್ ಡುಸೋ ಎಂಬ ವೈದ್ಯರು ಫಿಲ್ಟರ್ ಪೇಪರಿನ ಮೇಲೆ ಒಣಗಿದ ರಕ್ತದ ಹನಿಯಿಂದಲೇ ಇದನ್ನು ಪತ್ತೆ ಮಾಡುವ ದಾರಿ ತೋರಿಸಿದರು. ಅರ್ಧ ಶತಮಾನ ಆಯಿತು. ಜಗತ್ತಿನಲ್ಲಿ ಹುಟ್ಟುವ ಹೆಚ್ಚಿನ ಮಕ್ಕಳಿಗೆ ಇವತ್ತಿಗೂ ಈ ಪರೀಕ್ಷೆ ಸಿಗುತ್ತಿಲ್ಲ.

ಪರೀಕ್ಷೆ ಇರುವ ಕಡೆಯೂ ಅದು ಹೇಗೆ ಆಗುತ್ತಿದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ಹಿಮ್ಮಡಿಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬೆಚ್ಚಗೆ ಮಾಡಬೇಕು. ಚುಚ್ಚುವುದು ಹಿಮ್ಮಡಿಯ ಪಕ್ಕಕ್ಕೆ, ನಡುವೆ ಅಲ್ಲ, ಅಲ್ಲಿ ಮೂಳೆ ಹತ್ತಿರ. ಮೊದಲ ಹನಿ ಒರೆಸಿಬಿಡಬೇಕು. ಎರಡನೇ ಹನಿ ತಾನಾಗೇ ದೊಡ್ಡದಾಗಲು ಬಿಡಬೇಕು. ಪೇಪರಿನ ವೃತ್ತವನ್ನು ಆ ಹನಿಗೆ ಮೆಲ್ಲಗೆ ತಾಗಿಸಿದರೆ ರಕ್ತ ಹಿಂಬದಿಯವರೆಗೂ ಇಳಿಯುತ್ತದೆ. ಹಿಮ್ಮಡಿ ಹಿಂಡಿದರೆ ಮಾದರಿ ಕೆಡುತ್ತದೆ. ಹನಿಯ ಮೇಲೆ ಹನಿ ಹಾಕಿದರೂ ಕೆಡುತ್ತದೆ. ಆಮೇಲೆ ಅಡ್ಡಲಾಗಿ ಇಟ್ಟು, ಬಿಸಿಲು ತಾಗದ ಹಾಗೆ ಮೂರು ನಾಲ್ಕು ಗಂಟೆ ಒಣಗಿಸಬೇಕು. ಇಷ್ಟು ಮಾಡಲು ಒಬ್ಬ ನರ್ಸಿಗೆ ನೆಮ್ಮದಿಯ ಹತ್ತು ಹದಿನೈದು ನಿಮಿಷ ಬೇಕು. ಒಬ್ಬಳಿಗೆ ಇಡೀ ವಾರ್ಡ್ ವಹಿಸಿದಾಗ ಆ ಹತ್ತು ನಿಮಿಷ ಸಿಗುವುದಿಲ್ಲ. ಹಾಳಾದ ಮಾದರಿ ಅಂತ ಪ್ರಯೋಗಾಲಯ ವಾಪಸು ಕಳಿಸುತ್ತದೆ. ಅಷ್ಟರಲ್ಲಿ ತಾಯಿ ಮನೆಗೆ ಹೋಗಿರುತ್ತಾಳೆ.

ಹೊತ್ತಿನ ಲೆಕ್ಕವೂ ಇದೆ. ಹುಟ್ಟಿದ ಅರ್ಧ ಗಂಟೆಯಲ್ಲಿ ಮಗುವಿನ ಟಿಎಸ್‌ಎಚ್ ಏಕದಂ ಮೇಲೇರುತ್ತದೆ. ಹೊರಗಿನ ತಂಪಿಗೆ ಮೈ ಹೊಂದಿಕೊಳ್ಳುವ ರೀತಿ ಅದು. ಎರಡು ಮೂರು ದಿನದಲ್ಲಿ ಇಳಿಯುತ್ತಾ ಬರುತ್ತದೆ. ಅದಕ್ಕೇ 48ರಿಂದ 72 ಗಂಟೆಯ ನಡುವೆ ರಕ್ತ ತೆಗೆಯುವುದು ಒಳ್ಳೆಯದು. ಮಂಚ ಖಾಲಿ ಮಾಡಿಸಬೇಕು ಅಂತ 24 ಗಂಟೆ ತುಂಬುವ ಮೊದಲೇ ಕಳಿಸುವ ಕಡೆ ಏನಾಗುತ್ತದೆ? ಬೇಗ ತೆಗೆದರೆ ಆರೋಗ್ಯವಂತ ಮಗುವಿನ ಅಂಕಿಯೂ ಎತ್ತರ ಬರುತ್ತದೆ, ತಾಯಿಗೆ ಸುಮ್ನೆ ಗಾಬರಿ. ತೆಗೆಯದೇ ಕಳಿಸಿದರೆ ಎಷ್ಟೋ ಮಕ್ಕಳು ಕೈತಪ್ಪುತ್ತವೆ. ಬೇಗ ಮನೆಗೆ ಕಳಿಸುವುದಾದರೆ ಮನೆಯ ಹತ್ತಿರವೇ ಮೂರನೇ ದಿನ ರಕ್ತ ತೆಗೆಯುವ ವ್ಯವಸ್ಥೆ ಮಾಡಿ. ಅವಧಿಗೆ ಮುನ್ನ ಹುಟ್ಟಿದವು, ತೂಕ ತೀರಾ ಕಡಿಮೆ ಇರುವವು, ಅವಳಿಗಳು, ರಕ್ತ ಕೊಡಿಸಿಕೊಂಡ ಮಕ್ಕಳು, ಇವರಲ್ಲಿ ಟಿಎಸ್‌ಎಚ್ ತಡವಾಗಿ ಏರಬಹುದು, ಇಲ್ಲವೇ ಮೊದಲ ಫಲಿತಾಂಶವೇ ದಾರಿ ತಪ್ಪಿಸಬಹುದು. ಎರಡನೇ ವಾರದ ಹೊತ್ತಿಗೆ ಮತ್ತೊಮ್ಮೆ ನೋಡಲೇಬೇಕು.

ಮಾತ್ರೆ ಶುರುವಾದ ಮನೆಗೆ ಸ್ಪಷ್ಟ ಮಾತು ಬೇಕು. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 15 ಮೈಕ್ರೋಗ್ರಾಂ ಲೆಕ್ಕದಲ್ಲಿ ವೈದ್ಯರು ಬರೆಯುತ್ತಾರೆ. ಮಾತ್ರೆ ಪುಡಿ ಮಾಡಿ ಒಂದೆರಡು ಚಮಚ ಎದೆಹಾಲಿನಲ್ಲೋ ನೀರಿನಲ್ಲೋ ಕಲಸಿ ಆಗಿಂದಾಗ ಕುಡಿಸಬೇಕು. ಬಾಟಲಿ ಹಾಲಿಗೆ ಹಾಕಿದರೆ ಮಗು ಅರ್ಧಕ್ಕೆ ಬಿಟ್ಟಾಗ ಔಷಧಿಯೂ ಅರ್ಧವೇ ಸೇರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಸೋಯಾ ಜೊತೆಗೆ ಕೊಡಬಾರದು. ಎದೆಹಾಲು ನಿಲ್ಲಿಸುವ ಅಗತ್ಯ ಎಳ್ಳಷ್ಟೂ ಇಲ್ಲ. ಇದನ್ನು ಮೂರು ಸಲ ಹೇಳಬೇಕಾಗುತ್ತದೆ, ಹೇಳುವುದು ನಮ್ಮ ಕರ್ತವ್ಯ.

ಅಧಿಕಾರಿಗಳು ಇನ್ನೊಂದು ಸಂಗತಿ ಗಮನಿಸಬೇಕು. ಪ್ರಯೋಗಾಲಯದಲ್ಲಿ ಕೂಡಿಬಿದ್ದಿರುವ ಆ ಟಿಎಸ್‌ಎಚ್ ಅಂಕಿಗಳು ಬರೀ ಒಂದೊಂದು ಮಗುವಿನ ಕಥೆ ಹೇಳುವುದಿಲ್ಲ, ಇಡೀ ಪ್ರದೇಶದ ಅಯೋಡಿನ್ ಪೋಷಣೆಯ ಕಥೆಯನ್ನೂ ಹೇಳುತ್ತವೆ. ಹುಟ್ಟಿ ಮೂರು ನಾಲ್ಕು ದಿನದಲ್ಲಿ ತೆಗೆದ ರಕ್ತದಲ್ಲಿ ಟಿಎಸ್‌ಎಚ್ ಲೀಟರಿಗೆ 5 ಮಿಲಿ ಯೂನಿಟ್ ದಾಟಿದ ಮಕ್ಕಳು ನೂರಕ್ಕೆ ಮೂರಕ್ಕಿಂತ ಕಡಿಮೆ ಇದ್ದರೆ ಅಲ್ಲಿನ ಜನಕ್ಕೆ ಅಯೋಡಿನ್ ಸರಿಯಾಗಿ ಸಿಗುತ್ತಿದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಅಳತೆಗೋಲು. ಅದಕ್ಕಿಂತ ಹೆಚ್ಚಿದ್ದರೆ ತಾಯಂದಿರಿಗೆ ಅಯೋಡಿನ್ ಸಾಲುತ್ತಿಲ್ಲವೇ ಅಂತ ಹುಡುಕಬೇಕು. ಪೋವಿಡೋನ್ ಅಯೋಡಿನ್ ಬಳಿದ ಕಡೆ ಈ ಅಂಕಿ ಸುಳ್ಳು ಹೇಳಬಹುದು, ಅದನ್ನೂ ಬರೆದಿಟ್ಟರೆ ಆಯಿತು. ಹೊಸ ಸಮೀಕ್ಷೆ ಬೇಡ, ಹೊಸ ಸೂಜಿ ಬೇಡ. ಇರುವ ಅಂಕಿಗಳನ್ನು ವರ್ಷಕ್ಕೊಮ್ಮೆ ಕೂಡಿಸಿ ನೋಡಿ, ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ಶಾಲೆ ಮಕ್ಕಳ ಮೂತ್ರ ಪರೀಕ್ಷೆಯಿಂದ ಮಾತ್ರ ಜನರ ಅಯೋಡಿನ್ ಸ್ಥಿತಿ ಅಳೆಯುವುದು ಸಾಲದು. ಆ ಮಕ್ಕಳಿಗೆ ಸಾಕಾಗುವಷ್ಟು ಇರುವ ಕಡೆಯೂ ಬಸುರಿ-ಬಾಣಂತಿಯರಿಗೆ ಸಾಲದೇ ಇರಬಹುದು. ಹಾಲೂಡಿಸುವ ತಾಯಿಯ ಮೂತ್ರದ ಅಂಕಿಯೂ ಪೂರ್ತಿ ಹೇಳುವುದಿಲ್ಲ, ಯಾಕೆಂದರೆ ಒಂದು ಪಾಲು ಹಾಲಿಗೆ ಹೋಗಿಬಿಟ್ಟಿರುತ್ತದೆ. ಎದೆಹಾಲಿನ ಅಯೋಡಿನ್ನನ್ನೂ ಅಲ್ಲಲ್ಲಿ ಅಳೆದರೆ ಚಿತ್ರ ಸ್ಪಷ್ಟವಾಗುತ್ತದೆ.

ಇಷ್ಟೆಲ್ಲಾ ಮಗುವಿನ ಬಗ್ಗೆ ಆಯಿತು. ತಾಯಿ?

ಹೆರಿಗೆಯಾದ ವರ್ಷದೊಳಗೆ ಸುಮಾರು ನೂರರಲ್ಲಿ ಐದು ತಾಯಂದಿರಿಗೆ ಥೈರಾಯ್ಡ್ ಉರಿಯೂತ ಬರುತ್ತದೆ. ಬಸಿರಿನಲ್ಲಿ ತಣ್ಣಗಾಗಿದ್ದ ರೋಗನಿರೋಧಕ ಶಕ್ತಿ ಮತ್ತೆ ಎದ್ದು ತನ್ನದೇ ಗ್ರಂಥಿಯ ಮೇಲೆ ಬೀಳುತ್ತದೆ. ಹಲವರಲ್ಲಿ ಮೊದಲ ಕೆಲವು ತಿಂಗಳು ಗ್ರಂಥಿಯಿಂದ ಹಾರ್ಮೋನು ಸೋರಿ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಸಿಡುಕು, ನಿದ್ದೆಯಿಲ್ಲ. ಆಮೇಲೆ ನಾಲ್ಕರಿಂದ ಎಂಟು ತಿಂಗಳ ಹೊತ್ತಿಗೆ ತಿರುಗಿ ಕೊರತೆ ಆಗುತ್ತದೆ. ಸುಸ್ತು, ಚಳಿ, ಮಂಕು, ಮರೆವು, ಹಾಲು ಕಡಿಮೆ. ಹೆಚ್ಚಿನವರಿಗೆ ವರ್ಷದೊಳಗೆ ಸರಿಹೋಗುತ್ತದೆ, ಕೆಲವರಿಗೆ ಕೊರತೆ ಶಾಶ್ವತವಾಗಿ ಉಳಿಯುತ್ತದೆ.

ಮಗುವಿಗೆ ಲಸಿಕೆ ಹಾಕಿಸಲು ಬಂದ ಒಬ್ಬ ತಾಯಿ ನನಗೆ ಇವತ್ತಿಗೂ ನೆನಪಾಗುತ್ತಾಳೆ. ಮಗುವಿಗೆ ಆರು ತಿಂಗಳು. ಸೆಖೆಯ ಮಧ್ಯಾಹ್ನ, ಅವಳು ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಹಾಲು ಬರುತ್ತಿಲ್ಲ ಸಿಸ್ಟರ್, ನನ್ನಿಂದ ಏನೂ ಆಗುತ್ತಿಲ್ಲ ಅಂದಳು. ಅದಕ್ಕೆ ಮುಂಚೆ ತೋರಿಸಿದ ಕಡೆಯೆಲ್ಲ ಎಳೆಮಗು ಇರುವವರಿಗೆ ಸುಸ್ತು ಸಹಜ ಅಂತ ಹೇಳಿ ಕಳಿಸಿದ್ದರಂತೆ. ಎದ್ದು ನಿಲ್ಲುವಾಗ ಕುರ್ಚಿಯ ಕೈ ಹಿಡಿದುಕೊಂಡಳು. ಒಂದು ಟಿಎಸ್‌ಎಚ್ ಮಾಡಿಸಿದಾಗ ಕಾರಣ ಎದುರಿಗೇ ಇತ್ತು. ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಅವಳ ನಡಿಗೆಯೇ ಬೇರೆಯಾಗಿತ್ತು. ಎಷ್ಟು ಜನ ಹೀಗೆ ತಮ್ಮನ್ನೇ ಬೈದುಕೊಳ್ಳುತ್ತಾ ಕೂತಿರಬಹುದು ಅಂತ ನೆನೆದರೆ ಸಂಕಟವಾಗುತ್ತದೆ. ಹೆರಿಗೆಯ ನಂತರದ ಖಿನ್ನತೆ ಅಂತ ಬರೆಯುವ ಮುಂಚೆ ಒಂದು ಟಿಎಸ್‌ಎಚ್ ನೋಡಿ ಅಂತ ವೈದ್ಯರಲ್ಲಿ ಕೈಮುಗಿದು ಕೇಳುತ್ತೇನೆ. ಎರಡೂ ಒಟ್ಟಿಗೆ ಇರಬಹುದು, ಒಂದಕ್ಕೆ ಔಷಧಿ ಕೊಟ್ಟು ಇನ್ನೊಂದನ್ನು ಬಿಡಬೇಡಿ. ಟೈಪ್ 1 ಸಕ್ಕರೆ ಕಾಯಿಲೆ ಇರುವವರು, ಮೊದಲಿನಿಂದ ಥೈರಾಯ್ಡ್ ವಿರೋಧಿ ಆ್ಯಂಟಿಬಾಡಿ ಇರುವವರು, ಹಿಂದಿನ ಹೆರಿಗೆಯಲ್ಲಿ ಇದನ್ನು ಕಂಡವರು, ಇವರಿಗೆ ಲಕ್ಷಣ ಬರುವವರೆಗೂ ಕಾಯದೆ ಪರೀಕ್ಷೆ ಮಾಡಬೇಕು.

ಪರೀಕ್ಷೆ ಬರೆಯುವಾಗ ಕೂದಲಿಗೆ ಏನಾದರೂ ಮಾತ್ರೆ ತಿನ್ನುತ್ತಿದ್ದೀರಾ ಅಂತಲೂ ಕೇಳಿ. ಹೆರಿಗೆಯಾದ ಮೇಲೆ ಕೂದಲು ಉದುರುತ್ತದೆ, ತಾಯಂದಿರು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಜಾಸ್ತಿ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಅನ್ನು ಕಡಿಮೆ, ಟಿ4 ಅನ್ನು ಹೆಚ್ಚು ಅಂತ ತಪ್ಪಾಗಿ ತೋರಿಸುತ್ತದೆ. ಕೊರತೆ ಇರುವವಳಿಗೆ ಕೊರತೆ ಇಲ್ಲ ಅಂತ ವರದಿ ಬಂದುಬಿಡಬಹುದು. ಎರಡು ದಿನ ನಿಲ್ಲಿಸಿ ರಕ್ತ ಕೊಟ್ಟರೆ ಸಾಮಾನ್ಯವಾಗಿ ಈ ತೊಂದರೆ ತಪ್ಪುತ್ತದೆ.

ಥೈರಾಯ್ಡ್ ಮಾತ್ರೆ ತಿನ್ನುತ್ತಿದ್ದೇನೆ, ಹಾಲು ಕುಡಿಸಬಹುದಾ ಅನ್ನುವ ಪ್ರಶ್ನೆ ವಾರ್ಡಿನಲ್ಲಿ ತಪ್ಪುವುದೇ ಇಲ್ಲ. ಲೆವೊಥೈರಾಕ್ಸಿನ್ ತಿನ್ನುವವರು ಧೈರ್ಯವಾಗಿ ಕುಡಿಸಬಹುದು. ಬಸಿರಿನಲ್ಲಿ ಹೆಚ್ಚಿಸಿದ್ದ ಪ್ರಮಾಣವನ್ನು ಹೆರಿಗೆಯ ನಂತರ ಇಳಿಸಬೇಕು, ಆರು ವಾರಕ್ಕೆ ಮತ್ತೆ ನೋಡಬೇಕು. ಆ ಆರನೇ ವಾರದ ಪರೀಕ್ಷೆಯೇ ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವುದು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವವರು ದಿನಕ್ಕೆ 20 ಮಿಲಿಗ್ರಾಂವರೆಗೆ ಮೆಥಿಮಜೋಲ್ ತಿನ್ನುತ್ತಾ ಹಾಲು ಕುಡಿಸಬಹುದು. ವಿಕಿರಣ ಅಯೋಡಿನ್ ಚಿಕಿತ್ಸೆ ಮಾತ್ರ ಹಾಲೂಡಿಸುವಾಗ ಬೇಡವೇ ಬೇಡ. ಸ್ತನ ಅದನ್ನೂ ಅಷ್ಟೇ ಆಸೆಯಿಂದ ಎಳೆದುಕೊಳ್ಳುತ್ತದೆ. ಚಿಕಿತ್ಸೆಗೆ ಕಡೇ ಪಕ್ಷ ಆರು ವಾರ ಮೊದಲೇ ಹಾಲು ನಿಲ್ಲಿಸಿರಬೇಕು, ಆ ಮಗುವಿಗೆ ಮತ್ತೆ ಕುಡಿಸುವ ಹಾಗಿಲ್ಲ.

ನಾನು ಕೇಳುವುದೆಲ್ಲ ಒಂದು ಪುಟದಲ್ಲಿ ಹಿಡಿಸುತ್ತದೆ. ತಾಯಿಯ ಕಾರ್ಡಿನಲ್ಲಿ ಹೆರಿಗೆಯ ನಂತರದ ಆ ಪುಟವನ್ನು ತೆರೆಯಿರಿ. ಯಾವ ಉಪ್ಪು, ಯಾವ ಮಾತ್ರೆ ಅಂತ ಅದರಲ್ಲಿ ಬರೆಯಲು ಜಾಗ ಬಿಡಿ. ಹಿಮ್ಮಡಿಯ ರಕ್ತ ತೆಗೆದ ದಿನ, ಗಂಟೆ, ಬಂದ ಅಂಕಿ ಮೂರನ್ನೂ ಅಲ್ಲೇ ಬರೆದು ತಾಯಿಯ ಕೈಗೆ ಕೊಡಿ. ಸುದ್ದಿ ಬರದಿದ್ದರೆ ಎಲ್ಲಾ ಸರಿಯಿದೆ ಅಂತ ತಿಳಿದುಕೊಳ್ಳಿ ಅನ್ನುವ ಪದ್ಧತಿ ನಿಲ್ಲಲಿ, ಅಂಚೆಯಲ್ಲಿ ಕಳೆದುಹೋದ ಮಾದರಿಗೂ ಸುದ್ದಿ ಬರುವುದಿಲ್ಲ ಅಲ್ವಾ. ಅಂಕಿ ಎತ್ತರ ಬಂದ ಮಗುವಿನ ಮನೆಗೆ ಅದೇ ದಿನ ಫೋನ್ ಮಾಡುವುದು ಒಬ್ಬರ ಹೆಸರಿನ ಮೇಲೆ ಇರುವ ಕೆಲಸವಾಗಲಿ, ಅವರು ರಜೆಯಲ್ಲಿದ್ದರೆ ಇನ್ನೊಬ್ಬರು ಯಾರು ಅನ್ನುವುದೂ ಬರೆದಿರಲಿ. ಫೋನ್ ಎತ್ತದಿದ್ದರೆ ಮನೆಗೆ ಹೋಗುವವರು ಯಾರು ಅಂತಲೂ.

ಇಂತಿ,
ಬಾಣಂತಿಯರ ವಾರ್ಡಿನ ಒಬ್ಬ ನರ್ಸ್